ಗ್ರೀಕ್ ಟ್ರ್ಯಾಜಿಡಿ ಓದೋಕೆ ಶುರು ಮಾಡೋರಿಗೆ: ಪದ ಆಮೇಲೆ ಕಲಿಯೋಣ, ಮೊದಲು ಬಾಗಿಲು ಎಲ್ಲಿದೆ ನೋಡಿ

ಡಿಗ್ರಿಲಿದ್ದಾಗ ಹ್ಯಾಮಾರ್ಷಿಯಾ ಬಗ್ಗೆ ಐದು ಮಾರ್ಕ್ಸಿನ ಪ್ರಶ್ನೆಗೆ ಉತ್ತರ ಬರ್ದು ನಾಲ್ಕು ಮಾರ್ಕ್ಸ್ ತಗೊಂಡಿದ್ದೆ, ಆಗ ನಾನು ಒಂದೇ ಒಂದು ಗ್ರೀಕ್ ನಾಟಕನೂ ಓದಿರ್ಲಿಲ್ಲ. ನೋಟ್ಸಲ್ಲಿ ಇದ್ದಿದ್ದು ಒಂದೇ ಸಾಲು, "ನಾಯಕನ ಸ್ವಭಾವದಲ್ಲಿರುವ ದುರಂತ ದೋಷ", ಅದನ್ನೇ ಹಿಗ್ಗಿಸಿ ಒಂದು ಪುಟ ಮಾಡಿದ್ದೆ ಅಷ್ಟೆ. ಎಷ್ಟೋ ವರ್ಷ ಆದ್ಮೇಲೆ ಈಡಿಪಸ್ ನಾಟಕನ ನಿಜವಾಗ್ಲೂ ಓದಿದಾಗ ಗೊತ್ತಾಯ್ತು, ಆ ಸಾಲು ತಪ್ಪು ಅಂತ. ಇನ್ನೊಂದೂ ಗೊತ್ತಾಯ್ತು, ಟ್ರ್ಯಾಜಿಡಿ ಪದಗಳಲ್ಲಿ ಅರ್ಧಕ್ಕರ್ಧ ದೊಡ್ಡ ತತ್ವನೂ ಅಲ್ಲ ಏನೂ ಅಲ್ಲ, ಬಾಗಿಲು, ಗಾಡಿ, ದಾರಿ, ಕುಣಿಯೋ ಜಾಗ ಇಂಥವುಗಳ ಹೆಸ್ರು. ಅವನ್ನ ಮೊದಲು ತಿಳ್ಕೊಂಡ್ರೆ ಮಿಕ್ಕಿದ್ದು ತಾನಾಗೇ ಕೂತ್ಕೊಳ್ಳುತ್ತೆ. ನಮ್ಮ ಕ್ಲಾಸುಗಳಲ್ಲಿ ಉಲ್ಟಾ ಮಾಡ್ತಾರೆ, ಅರಿಸ್ಟಾಟಲ್‌ನ ಕಾವ್ಯಮೀಮಾಂಸೆಯಿಂದ ಶುರು ಮಾಡಿ ನಾಟಕದ ಹತ್ರ ಬರೋಷ್ಟರಲ್ಲಿ ಸೆಮಿಸ್ಟರ್ ಮುಗ್ದಿರುತ್ತೆ.

ಹಾಗಾಗಿ ಇಲ್ಲಿ ಅರಿಸ್ಟಾಟಲ್ ಕೊನೆಗೆ ಬರ್ತಾನೆ. ಒಂದೇ ನಾಟಕ ಕೈಲಿ ಹಿಡ್ಕೊಳ್ಳಿ, ಸೋಫೋಕ್ಲಿಸ್‌ನ ಈಡಿಪಸ್ ದೊರೆ. ಒಟ್ಟು ಸುಮಾರು 1530 ಸಾಲು, ಒಂದು ಭಾನುವಾರ ಮಧ್ಯಾಹ್ನ ಸಾಕು.

ಮೊದಲನೇ ಹೆಜ್ಜೆ: ಕಥೆ ಮೊದಲೇ ತಿಳ್ಕೊಂಡು ಕೂತ್ಕೊಳ್ಳಿ

ಸ್ಪಾಯ್ಲರ್ ಅನ್ನೋ ಭಯ ಇಲ್ಲಿ ಬೇಡ. ನಾವು ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ಕರ್ಣಪರ್ವ ನೋಡೋಕೆ ಹೋಗಲ್ವಾ, ಹಾಗೇ ಅಥೆನ್ಸಿನ ಜನಕ್ಕೂ ಈ ಕಥೆಗಳು ಮೊದಲೇ ಗೊತ್ತಿದ್ವು. ಥೀಬ್ಸ್ ದೊರೆ ಲಾಯಸ್‌ಗೆ ನಿನ್ನ ಮಗನ ಕೈಲೇ ನಿನ್ನ ಸಾವು ಅಂತ ಡೆಲ್ಫಿಯಲ್ಲಿ ದೈವವಾಣಿ ಆಗುತ್ತೆ, ಹುಟ್ಟಿದ ಕೂಸಿನ ಕಾಲು ಚುಚ್ಚಿ ಬಿಗಿದು ಬೆಟ್ಟದಲ್ಲಿ ಬಿಟ್ಟು ಬಾ ಅಂತ ಒಬ್ಬ ಕುರುಬನ ಕೈಗೆ ಕೊಡ್ತಾರೆ, ಅವ್ನಿಗೆ ಕರುಳು ಚುರ್ ಅಂದು ಕೊರಿಂಥ್ ಕಡೆಯ ಇನ್ನೊಬ್ಬ ದನಗಾಹಿಗೆ ಕೊಟ್ಬಿಡ್ತಾನೆ, ಅಲ್ಲಿನ ದೊರೆ ಮಗು ಅಂತಾನೇ ಅದು ಬೆಳೆಯುತ್ತೆ, ಅವನೇ ಈಡಿಪಸ್. ದೊಡ್ಡವನಾದ್ಮೇಲೆ ಅವನಿಗೂ ದೈವವಾಣಿ ಸಿಗುತ್ತೆ, ಅಪ್ಪನ್ನ ಕೊಲ್ತೀಯ ಅಮ್ಮನ್ನ ಮದ್ವೆ ಆಗ್ತೀಯ ಅಂತ. ಹೆದರಿ ಕೊರಿಂಥಿಂದ ದೂರ ಓಡ್ತಾನೆ, ಮೂರು ದಾರಿ ಕೂಡೋ ಜಾಗದಲ್ಲಿ ಜಗಳ ಆಗಿ ಒಬ್ಬ ಮುದುಕನ್ನ ಕೊಲ್ತಾನೆ, ಸ್ಫಿಂಕ್ಸ್ ಅನ್ನೋ ರಾಕ್ಷಸಿಯ ಒಗಟು ಬಿಡಿಸಿ ಥೀಬ್ಸಿಗೆ ದೊರೆ ಆಗ್ತಾನೆ, ವಿಧವೆ ರಾಣಿ ಯೊಕಾಸ್ಟಾನ ಮದ್ವೆ ಆಗ್ತಾನೆ.

ಇದೆಲ್ಲಾ ನಾಟಕ ಶುರು ಆಗೋಕೆ ಮುಂಚೇನೇ ಮುಗ್ದಿದೆ! ನಾಟಕದೊಳಗೆ ನಡೆಯೋದು ಬರೀ ವಿಚಾರಣೆ. ಊರಿಗೆ ಪಿಡುಗು ಬಂದಿದೆ, ಲಾಯಸ್‌ನ ಕೊಂದವನು ಯಾರು ಅಂತ ಹುಡುಕ್ಬೇಕು, ಹುಡುಕೋನೇ ಕೊಂದವನು. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕೊಂದವನು ನನಗೆ ಗೊತ್ತಿದ್ದೂ ನನ್ನ ಮನೇಲೇ ಇದ್ರೆ, ಅವನಿಗೆ ನಾನು ಹಾಕಿದ ಈ ಶಾಪ ನನಗೇ ತಟ್ಟಲಿ ಅಂತ ಅವನೇ ಊರ ಮುಂದೆ ನಿಂತು ಹೇಳ್ತಾನೆ ನೋಡಿ, ಆಗ ಹೊಟ್ಟೇಲಿ ಏನೋ ಕಲಸಿದ ಹಾಗಾಗುತ್ತಲ್ಲ, ಡ್ರಾಮಾಟಿಕ್ ಐರನಿ ಅನ್ನೋದು ಅದನ್ನೇ. ಕಥೆ ಗೊತ್ತಿಲ್ದೆ ಓದಿದ್ರೆ ಈ ಸಾಲು ಸುಮ್ನೆ ಹಾದು ಹೋಗುತ್ತೆ.

ಎರಡನೇದು: ಜಾಗದ ನಕ್ಷೆ ಗೀಚ್ಕೊಳ್ಳಿ

ಒಂದು ಹಾಳೆ ತಗೊಳ್ಳಿ. ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರು, ಅಲ್ಲಿ ಡಯೊನಿಸಸ್ ದೇವರ ಗುಡಿ, ಅದರ ಪಕ್ಕ ರಂಗ. ಇಳಿಜಾರಲ್ಲಿ ಜನ ಕೂರೋ ಜಾಗ ಥಿಯೇಟ್ರಾನ್, ಅಂದ್ರೆ ನೋಡೋ ಜಾಗ. ಕೆಳಗೆ ಸಮತಟ್ಟಾದ ನೆಲ ಆರ್ಕೆಸ್ಟ್ರಾ, ಅಂದ್ರೆ ಕುಣಿಯೋ ಜಾಗ (ವಾದ್ಯದವರ ತಂಡಕ್ಕೆ ಆ ಹೆಸ್ರು ಬಂದಿದ್ದು ಎಷ್ಟೋ ಕಾಲ ಆದ್ಮೇಲೆ). ಅದರ ಹಿಂದೆ ಸ್ಕೀನೆ, ಮೂಲದಲ್ಲಿ ಗುಡಾರ ಅಂತ ಅರ್ಥ, ನಾವು ಸೀನ್ ಅಂತೀವಲ್ಲ ಅದರ ಅಜ್ಜಿ ಇದು. ಕ್ರಿ.ಪೂ. 5ನೇ ಶತಮಾನದಲ್ಲಿ ಅದು ಮರದ ಕಟ್ಟಡ, ಮಧ್ಯೆ ಒಂದು ದೊಡ್ಡ ಬಾಗಿಲು. ಈಗ ಟೂರಿಸ್ಟ್ ಫೋಟೋಗಳಲ್ಲಿ ಕಾಣೋ ಕಲ್ಲಿನ ಕಟ್ಟಡ ಆಮೇಲಿನ ಕಾಲದ್ದು, ಸೋಫೋಕ್ಲಿಸ್ ಅದನ್ನ ನೋಡಿರ್ಲಿಲ್ಲ. ಎರಡು ಪಕ್ಕದಲ್ಲಿ ಎರಡು ದಾರಿ, ಪಾರೊಡೊಸ್ ಅಂತಾರೆ, ಹೊರಗಿಂದ ಬರೋರು ಇವುಗಳಲ್ಲೇ ಬರೋದು.

ಈಗ ಈಡಿಪಸ್ ಓದ್ತಾ ಯಾರು ಬಾಗಿಲಿಂದ ಬಂದ್ರು, ಯಾರು ಪಕ್ಕದ ದಾರಿಯಿಂದ ಬಂದ್ರು ಅಂತ ಪೆನ್ಸಿಲಲ್ಲಿ ಗುರುತು ಹಾಕ್ತಾ ಹೋಗಿ. ಡೆಲ್ಫಿಯಿಂದ ಯೊಕಾಸ್ಟಾನ ಸೋದರ ಕ್ರಿಯಾನ್, ಕುರುಡ ಜ್ಯೋತಿಷಿ ಟೈರೀಸಿಯಸ್, ಕೊರಿಂಥಿನ ದೂತ, ಮುದಿ ಕುರುಬ, ಎಲ್ರೂ ದಾರಿಯಿಂದ ಬರ್ತಾರೆ, ಒಬ್ಬೊಬ್ರೂ ಒಂದೊಂದು ಚೂರು ಸತ್ಯ ತರ್ತಾರೆ. ಬಾಗಿಲ ಒಳಗಡೆ ಇರೋದು ಮನೆ, ಹಾಸಿಗೆ, ಹೆಂಡ್ತಿ ಮಕ್ಕಳು. ಹೊರಗಿಂದ ಬಂದ ಸತ್ಯ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತೆ, ಕೊನೆಗೆ ಅದೇ ಬಾಗಿಲಿಂದ ಕಣ್ಣು ಕಿತ್ಕೊಂಡ ದೊರೆ ಆಚೆ ಬರ್ತಾನೆ. ನನಗೆ ಈ ನಾಟಕ ಅರ್ಥ ಆಗಿದ್ದು ಈ ಗೀಚಾಟದಲ್ಲೇ, ಯಾವ ವಿಮರ್ಶೆ ಓದಿಯೂ ಅಲ್ಲ.

ಇನ್ನೆರಡು ಯಂತ್ರ ಇವೆ. ಎಕ್ಕೀಕ್ಲೆಮಾ, ಚಕ್ರದ ಮೇಲೆ ಉರುಳೋ ಹಲಗೆ. ಕೊಲೆ ಸಾಮಾನ್ಯವಾಗಿ ಜನರ ಕಣ್ಣೆದುರು ತೋರಿಸ್ತಿರ್ಲಿಲ್ಲ, ಒಳಗೆ ಆಗುತ್ತೆ, ಕೂಗು ಕೇಳುತ್ತೆ, ಆಮೇಲೆ ಬಾಗಿಲು ತೆಗ್ದು ಹೆಣ ಹೊರಗೆ ತೋರಿಸ್ತಾರೆ. ಈಸ್ಕಿಲಸ್‌ನ ಅಗಮೆಮ್ನಾನ್ ನಾಟಕದಲ್ಲಿ ಕ್ಲೈಟೆಮ್ನೆಸ್ಟ್ರಾ ಗಂಡನ ಹೆಣದ ಪಕ್ಕ ನಿಂತು ಹೌದು ನಾನೇ ಮಾಡಿದ್ದು ಅಂತಾಳಲ್ಲ, ಅದನ್ನ ಈ ಹಲಗೆ ಮೇಲೆ ಊಹಿಸ್ಕೊಳ್ಳಿ. ಇನ್ನೊಂದು ಮೆಖಾನೆ, ನಟನ್ನ ಮೇಲೆ ಎತ್ತೋ ಕ್ರೇನು. ದೇವರು ಇದರಲ್ಲಿ ಇಳಿದು ಬಂದು ಗಂಟು ಬಿಡಿಸಿ ಹೋಗೋದಕ್ಕೇ ಆಮೇಲೆ ಲ್ಯಾಟಿನಲ್ಲಿ ಡೇಉಸ್ ಎಕ್ಸ್ ಮಾಖಿನಾ ಅಂತ ಹೆಸ್ರು ಬಿತ್ತು. ಯೂರಿಪಿಡೀಸ್‌ನ ಮೀಡಿಯಾ ಕೊನೇಲಿ ಇದ್ರಲ್ಲೇ ಒಂದು ಕಿಡಿಗೇಡಿತನ ಇದೆ, ಮಕ್ಕಳನ್ನ ಕೊಂದ ತಾಯಿ ಮೇಲೆ ಸೂರ್ಯನ ರಥದಲ್ಲಿ ಕಾಣಿಸ್ಕೊಳ್ತಾಳೆ, ದೇವರು ನಿಲ್ಬೇಕಾದ ಜಾಗದಲ್ಲಿ ಅವಳು ನಿಂತಿದಾಳೆ, ಕೆಳಗಡೆ ಗಂಡ ಜೇಸನ್ ಬಾಯಿ ಬಡ್ಕೊಳ್ತಾ ಇದಾನೆ. ಅರಿಸ್ಟಾಟಲ್‌ಗೆ ಈ ಕ್ರೇನ್ ಇಷ್ಟ ಆಗ್ಲಿಲ್ಲ. ನನಗಂತೂ ಗ್ರೀಕ್ ರಂಗದಲ್ಲೇ ಇದಕ್ಕಿಂತ ಧೈರ್ಯದ ಕೊನೆ ಇನ್ನೊಂದಿಲ್ಲ ಅನ್ಸುತ್ತೆ.

ಮೂರನೇದು: ಜನ ಎಷ್ಟು ಅಂತ ಎಣಿಸಿ

ಇದು ಹಬ್ಬ, ಟಿಕೆಟ್ ಶೋ ಬಿಸಿನೆಸ್ ಅಲ್ಲ. ವಸಂತ ಬಂದಾಗ ದೊಡ್ಡ ಡಯೊನಿಸಿಯಾ ಹಬ್ಬ, ಅದರಲ್ಲಿ ಮೂರು ಜನ ಕವಿಗಳ ಮಧ್ಯೆ ಸ್ಪರ್ಧೆ, ಒಬ್ಬೊಬ್ರೂ ಮೂರು ಟ್ರ್ಯಾಜಿಡಿ ಜೊತೆಗೆ ಒಂದು ಸೇಟರ್ ನಾಟಕ ಅಂತ ಪೋಲಿ ತಮಾಷೆಯದು ಕೊಡ್ಬೇಕು. ಕೋರಸ್ಸಿನ, ಅಂದ್ರೆ ಹಾಡಿ ಕುಣಿಯೋ ತಂಡದ, ಖರ್ಚು ಒಬ್ಬ ಸಾಹುಕಾರನ ತಲೆ ಮೇಲೆ, ಅವನು ಖೊರೆಗೋಸ್, ಕ್ರಿ.ಪೂ. 472ರಲ್ಲಿ ಈಸ್ಕಿಲಸ್‌ನ ಪರ್ಷಿಯನ್ನರು ನಾಟಕಕ್ಕೆ ಹಣ ಹಾಕಿದ್ದು ಮುಂದೆ ಅಥೆನ್ಸಿನ ದೊಡ್ಡ ನಾಯಕನಾದ ಪೆರಿಕ್ಲಿಸ್, ಆಗ ಅವನು ಇಪ್ಪತ್ತು ದಾಟಿದ ಯುವಕ. ಕವಿಗೆ ಅವರು ಡಿಡಸ್ಕಲೋಸ್ ಅಂತಿದ್ರು, ಮೇಷ್ಟ್ರು ಅಂತ, ಯಾಕಂದ್ರೆ ಹಾಡು ಕುಣಿತ ಕೋರಸ್ಸಿಗೆ ಕಲಿಸೋದು ಅವನ ಕೆಲಸ. ಬರಿಯೋದು ಒಂದು ಭಾಗ ಅಷ್ಟೆ. ಟ್ರ್ಯಾಜಿಡಿ ಅನ್ನೋ ಪದಕ್ಕೆ ಅಕ್ಷರಶಃ ಮೇಕೆ ಹಾಡು ಅಂತ ಅರ್ಥ, ಮೇಕೆ ಯಾಕೆ ಬಂತು ಅಂತ ಪಂಡಿತರು ಇನ್ನೂ ಜಗಳ ಆಡ್ತಿದಾರೆ, ನಾವು ಮುಂದಕ್ಕೆ ಹೋಗೋಣ.

ಮಾತಾಡೋ ನಟರು ಮೂರೇ ಜನ. ಮೊದಲು ಒಬ್ಬನೇ ಇದ್ದ, ಎರಡನೇಯವನ್ನ ತಂದಿದ್ದು ಈಸ್ಕಿಲಸ್, ಮೂರನೇಯವನ್ನ ಸೋಫೋಕ್ಲಿಸ್ ಅಂತ ಅರಿಸ್ಟಾಟಲ್ ಹೇಳ್ತಾನೆ. ಎಲ್ರೂ ಗಂಡಸ್ರೇ, ಎಲ್ರಿಗೂ ಮುಖವಾಡ, ಒಬ್ಬನೇ ಎರಡು ಮೂರು ಪಾತ್ರ ಮಾಡ್ತಾನೆ. ಮುಖವಾಡಕ್ಕೆ ಗ್ರೀಕಲ್ಲಿ ಪ್ರೊಸೊಪೊನ್, ಮುಖ ಅನ್ನೋದಕ್ಕೂ ಅದೇ ಪದ. ಈ ಮೂರರ ಲೆಕ್ಕ ತಲೇಲಿ ಇಟ್ಕೊಂಡಿರಿ, ಕೊನೇಲಿ ಬೇಕಾಗುತ್ತೆ.

ಕೋರಸ್ ಮೊದಲು 12 ಜನ, ಸೋಫೋಕ್ಲಿಸ್ ಕಾಲಕ್ಕೆ 15. ನಮ್ಮ ಯಕ್ಷಗಾನದ ಹಿಮ್ಮೇಳದ ಹಾಗೆ ಅಂತ ಕೆಲವರು ಹೇಳ್ತಾರೆ, ಅರ್ಧ ಸರಿ. ಹಿಮ್ಮೇಳ ಕಥೆಯ ಹೊರಗಡೆ ಕೂತಿರುತ್ತೆ, ಗ್ರೀಕ್ ಕೋರಸ್ ಕಥೆ ಒಳಗಿನ ಜನ. ಈಡಿಪಸ್‌ನಲ್ಲಿ ಅವರು ಥೀಬ್ಸಿನ ಹಿರಿಯರು, ಮೀಡಿಯಾದಲ್ಲಿ ಕೊರಿಂಥಿನ ಹೆಂಗಸರು. ಹೆದರ್ತಾರೆ, ತಪ್ಪು ತಿಳ್ಕೊಳ್ತಾರೆ, ದೊರೆ ಪರ ವಹಿಸ್ತಾರೆ. ಕೋರಸ್ ಹೇಳಿದ್ದೆಲ್ಲಾ ಕವಿಯ ಅಭಿಪ್ರಾಯ ಅಂತ ಅಂಡರ್‌ಲೈನ್ ಹೊಡೀಬೇಡಿ, ಬಹಳ ಜನ ಮಾಡೋ ತಪ್ಪು ಇದು.

ನಾಲ್ಕನೇದು: ನಾಟಕನ ಭಾಗ ಮಾಡಿ ಗೆರೆ ಎಳೀರಿ

ಇದು ಸುಲಭ, ಬೇಗ ಹೇಳ್ಬಿಡ್ತೀನಿ. ಕೋರಸ್ ಬರೋಕೆ ಮುಂಚಿನ ಮಾತು ಪ್ರೊಲೊಗೋಸ್. ಕೋರಸ್ ಹಾಡ್ತಾ ಒಳಗೆ ಬರೋದು ಪಾರೊಡೊಸ್, ಹೌದು, ದಾರಿಗೂ ಹಾಡಿಗೂ ಒಂದೇ ಹೆಸ್ರು. ಆಮೇಲೆ ಮಾತಿನ ಭಾಗ ಎಪಿಸೋಡ್, ಹಾಡಿನ ಭಾಗ ಸ್ಟಾಸಿಮೊನ್, ಹೀಗೇ ಒಂದಾದ್ಮೇಲೆ ಒಂದು, ಈಡಿಪಸ್‌ನಲ್ಲಿ ನಾಲ್ಕು ಸ್ಟಾಸಿಮೊನ್ ಇವೆ. ಕೊನೇ ಹಾಡಿನ ನಂತರದ್ದೆಲ್ಲಾ ಎಕ್ಸೊಡೊಸ್, ಹೊರಗೆ ಹೋಗೋದು. ಹಾಡುಗಳೊಳಗೆ ಸ್ಟ್ರೋಫಿ, ಆಂಟಿಸ್ಟ್ರೋಫಿ ಅಂತ ಜೋಡಿ ಇರುತ್ತೆ, ಎರಡರ ಛಂದಸ್ಸೂ ಒಂದೇ, ಅನುವಾದದಲ್ಲಿ ಇದು ಸಿಗೋದು ಕಷ್ಟ. ನಟ ಮತ್ತು ಕೋರಸ್ ಸೇರಿ ಗೋಳಾಡೋ ಹಾಡು ಕೊಮ್ಮೋಸ್, ಎದೆ ಬಡ್ಕೊಳ್ಳೋದು ಅಂತ ಮೂಲಾರ್ಥ.

ಮಾತಿನಲ್ಲಿ ಮೂರು ಬಗೆ ಗುರುತಿಸಿ ಸಾಕು. ಉದ್ದ ಮಾತು ರೀಸಿಸ್, ಅದರಲ್ಲೂ ದೂತ ಬಂದು ಒಳಗೆ ಏನಾಯ್ತು ಅಂತ ವರದಿ ಹೇಳೋದು ಇವರ ಹೆಮ್ಮೆಯ ವಸ್ತು. ಯೊಕಾಸ್ಟಾ ನೇಣು ಹಾಕ್ಕೊಂಡಿದ್ದು, ಅವಳ ಬಟ್ಟೆಯ ಚಿನ್ನದ ಪಿನ್ನು ಕಿತ್ತು ಈಡಿಪಸ್ ಕಣ್ಣಿಗೆ ಚುಚ್ಕೊಂಡಿದ್ದು, ಇದ್ಯಾವ್ದನ್ನೂ ನಾವು ನೋಡಲ್ಲ, ಕೇಳ್ತೀವಿ, ಕೇಳೋದೇ ಜಾಸ್ತಿ ಭಯ. ಎದುರಾಳಿಗಳ ವಾದ ಪ್ರತಿವಾದ ಅಗೋನ್, ಮೀಡಿಯಾ ಜೇಸನ್ ಗಂಡ ಹೆಂಡ್ತಿ ಜಗಳ ಓದಿ, ಕೋರ್ಟಲ್ಲಿ ಕೂತ ಹಾಗಿರುತ್ತೆ. ಇನ್ನು ಸ್ಟಿಕೊಮಿಥಿಯಾ, ಇವನೊಂದು ಸಾಲು ಅವನೊಂದು ಸಾಲು ಅಂತ ಟಪ ಟಪ ಹೊಡೆಯೋದು. ಇದನ್ನ ದಯವಿಟ್ಟು ಯಾರ ಜೊತೆಗಾದ್ರೂ ಕೂತು ಗಟ್ಟಿಯಾಗಿ ಓದಿ, ಒಬ್ರೇ ಮನಸ್ಸಲ್ಲಿ ಓದಿದ್ರೆ ಪ್ರಾಣ ಹೋಗಿಬಿಡುತ್ತೆ.

ಐದನೇದು: ಅವರ ನೀತಿಯ ಪದಗಳು

ಇವು ಅನುವಾದದಲ್ಲಿ ಕಳೆದು ಹೋಗೋ ಪದಗಳು, ಆದ್ರೆ ಕನ್ನಡದವರಿಗೆ ಒಂದು ಲಾಭ ಇದೆ, ಕೆಲವಕ್ಕೆ ನಮ್ಮಲ್ಲಿ ಇಂಗ್ಲಿಷಿಗಿಂತ ಹತ್ತಿರದ ಪದ ಸಿಗುತ್ತೆ.

ಮೊಯ್ರಾ ಅಂದ್ರೆ ವಿಧಿ ಅಂತ ಬರೀತಾರೆ, ಮೂಲಾರ್ಥ ಪಾಲು. ನಮ್ಮಲ್ಲಿ "ನನ್ನ ಪಾಲಿಗೆ ಬಂದದ್ದು" ಅಂತೀವಲ್ಲ, ಅದೇ. ಆಕಾಶದಲ್ಲಿ ಯಾರೋ ದಾರ ಹಿಡ್ದು ಗೊಂಬೆ ಆಡಿಸೋದಲ್ಲ, ನಿನ್ನ ಪಾಲು ಇಷ್ಟು ಅನ್ನೋ ಅಳತೆ. ಹಾಗಾಗಿ ಈಡಿಪಸ್ ಏನು ಮಾಡಿದ್ರೂ ವಿಧಿ ಮಾಡಿಸ್ತು ಅಂತ ಸುಲಭವಾಗಿ ಕೈ ತೊಳ್ಕೊಳ್ಳೋಕಾಗಲ್ಲ. ಕಣ್ಣು ಕಿತ್ಕೊಂಡ ಮೇಲೆ ಅವನೇ ಹೇಳ್ತಾನೆ, ಈ ಕಷ್ಟಗಳನ್ನ ತಂದಿದ್ದು ಅಪೊಲೊ, ಆದ್ರೆ ಚುಚ್ಚಿದ ಕೈ ನಂದೇ ಅಂತ. ಮಿಯಾಸ್ಮಾ ಅಂದ್ರೆ ಮೈಲಿಗೆ. ಸೂತಕ ಗೊತ್ತಿರೋ ನಮಗೆ ಇದನ್ನ ವಿವರಿಸೋದು ಬೇಡ, ರಕ್ತದ ಮೈಲಿಗೆ ಒಬ್ಬನಿಗೆ ಅಂಟಿದ್ರೂ ಊರಿಗೆಲ್ಲಾ ಹರಡುತ್ತೆ, ಬೆಳೆ ಒಣಗುತ್ತೆ, ಹೆಂಗಸರಿಗೆ ಹೆರಿಗೆ ಆಗಲ್ಲ, ನಾಟಕದ ಮೊದಲ ದೃಶ್ಯದ ಪಿಡುಗು ಇದೇ. ಬೇಕು ಅಂತ ಮಾಡಿದ್ಯಾ ಗೊತ್ತಿಲ್ದೆ ಮಾಡಿದ್ಯಾ ಅಂತ ಮೈಲಿಗೆ ಕೇಳಲ್ಲ. ಆಟೆ ಅಂದ್ರೆ ತಲೆ ಮಂಕಾಗಿ ನಾಶಕ್ಕೆ ಬೀಳೋದು, ವಿನಾಶಕಾಲೇ ವಿಪರೀತ ಬುದ್ಧಿ ಅಂದ್ರೆ ಮುಗೀತು.

ಹ್ಯೂಬ್ರಿಸ್ ಮಾತ್ರ ಸ್ವಲ್ಪ ನಿಧಾನವಾಗಿ ನೋಡಿ. ಎಲ್ಲಾ ಕಡೆ ಅಹಂಕಾರ ಅಂತ ಬರ್ದಿರ್ತಾರೆ. ಅಥೆನ್ಸಲ್ಲಿ ಅದು ಕಾನೂನಿನ ಪದನೂ ಹೌದು, ಇನ್ನೊಬ್ಬರ ಮಾನ ಕಳೆಯೋ ಹಾಗೆ ಹೊಡೆಯೋದು, ಅವಮಾನ ಮಾಡೋದು, ಅದಕ್ಕೆ ಕೇಸ್ ಹಾಕ್ಬಹುದಿತ್ತು. ಮನಸ್ಸಲ್ಲಿ ಸೊಕ್ಕು ಇದ್ರೆ ಸಾಲದು, ಅದು ಇನ್ನೊಬ್ಬನ ಮೇಲೆ ಬೀಳ್ಬೇಕು. ಪರ್ಷಿಯನ್ನರು ನಾಟಕದಲ್ಲಿ ಸತ್ತ ದೊರೆ ಡೇರಿಯಸ್ ಸಮಾಧಿಯಿಂದ ಎದ್ದು ಬಂದು ಮಗ ಸೆರ್ಕ್ಸಿಸ್‌ನ ಹ್ಯೂಬ್ರಿಸ್ ಬಗ್ಗೆ ಬೈತಾನೆ, ಅಲ್ಲಿ ವಿಷಯ ಗುಡಿಗಳನ್ನ ಸುಟ್ಟಿದ್ದು, ದೇವರ ವಿಗ್ರಹ ದೋಚಿದ್ದು. ಉಳಿದಿರೋ ಟ್ರ್ಯಾಜಿಡಿಗಳಲ್ಲಿ ಪುರಾಣ ಬಿಟ್ಟು ಆಗಿನ ಇತಿಹಾಸದ ಮೇಲಿರೋದು ಇದೊಂದೇ, ಗ್ರೀಕರು ಪರ್ಷಿಯನ್ನರನ್ನ ಸೋಲಿಸಿದ ಸಾಲಮಿಸ್ ಯುದ್ಧ ನಡೆದ ಎಂಟೇ ವರ್ಷಕ್ಕೆ ಆಡಿದ್ದು. ಸೋತ ಶತ್ರುವಿನ ಗೋಳನ್ನ ಗೆದ್ದವರ ಊರಲ್ಲೇ ಆಡಿದ್ರು. ಅದಕ್ಕೂ ಮುಂಚೆ ಫ್ರಿನಿಕಸ್ ಅನ್ನೋ ಕವಿ ಮಿಲೆಟಸ್ ಅನ್ನೋ ಗ್ರೀಕ್ ಪಟ್ಟಣ ಪರ್ಷಿಯನ್ನರ ಕೈಗೆ ಬಿದ್ದಿದ್ದನ್ನ ನಾಟಕ ಮಾಡಿದಾಗ ನೋಡೋರೆಲ್ಲಾ ಅತ್ತು, ನಮ್ಮವರ ಕಷ್ಟನ ನಮಗೇ ನೆನಪಿಸಿದ ಅಂತ ಅವನಿಗೆ 1000 ಡ್ರಾಕ್ಮಾ ದಂಡ ಹಾಕಿದ್ರು ಅಂತ ಇತಿಹಾಸಕಾರ ಹೆರೊಡೊಟಸ್ ಬರೀತಾನೆ. ನೋವು ಎಷ್ಟು ಹತ್ತಿರದ್ದಿರ್ಬೇಕು ಎಷ್ಟು ದೂರದ್ದಿರ್ಬೇಕು ಅನ್ನೋ ಲೆಕ್ಕ ಇವರಿಗೆ ಹೊಡೆತ ತಿಂದೇ ಗೊತ್ತಾಗಿರ್ಬೇಕು.

ಈ ಪರ್ಷಿಯನ್ನರು ಕನ್ನಡಕ್ಕೆ ಬಿಎಂಶ್ರೀ ಅವರ ಪಾರಸಿಕರು ಆಗಿ ಬಂತು. ಅದಕ್ಕೂ ಮುಂಚೆ 1929ರಲ್ಲಿ ಅವರು ಸೋಫೋಕ್ಲಿಸ್‌ನ ಏಜಾಕ್ಸ್ ನಾಟಕದ ಅಚ್ಚಿಗೆ ಮಹಾಭಾರತದ ಅಶ್ವತ್ಥಾಮನನ್ನ ಹೊಯ್ದು ಹಳಗನ್ನಡದಲ್ಲಿ ಅಶ್ವತ್ಥಾಮನ್ ಬರೆದ್ರು. ರುದ್ರನಾಟಕ ಅನ್ನೋ ಪದ ನಮ್ಮಲ್ಲಿ ಇದೆಯಲ್ಲ, ದುರಂತ ನಾಟಕ ಅನ್ನೋದಕ್ಕಿಂತ ನನಗೆ ಇದೇ ಇಷ್ಟ, ಯಾಕಂದ್ರೆ ಎಲ್ಲಾ ಗ್ರೀಕ್ ಟ್ರ್ಯಾಜಿಡಿನೂ ಸಾವಲ್ಲಿ ಮುಗಿಯಲ್ಲ. ಈಸ್ಕಿಲಸ್‌ನ ಒರೆಸ್ಟಿಯಾ (ಕ್ರಿ.ಪೂ. 458, ಮೂರೂ ನಾಟಕ ಪೂರ್ತಿ ಉಳಿದಿರೋ ಒಂದೇ ಟ್ರಿಲಜಿ) ಮುಗಿಯೋದು ಕೋರ್ಟಲ್ಲಿ, ವೋಟು ಸಮ ಸಮ ಬಿದ್ದು ತಾಯಿಯನ್ನ ಕೊಂದ ಮಗ ಬಿಡುಗಡೆ ಆಗೋದ್ರಲ್ಲಿ. ಸೇಡಿಗೆ ಸೇಡು ಅನ್ನೋ ಡೀಕೆ, ಅಂದ್ರೆ ನ್ಯಾಯ, ವಿಚಾರಣೆಯ ಡೀಕೆ ಆಗೋದು ಅಲ್ಲಿ. ಟ್ರಿಲಜಿ ಅಂದಾಗ ನೆನಪಾಯ್ತು, ಸೋಫೋಕ್ಲಿಸ್‌ನ ಆಂಟಿಗೊನಿ ಮತ್ತು ಎರಡು ಈಡಿಪಸ್ ನಾಟಕ ಒಂದೇ ಪುಸ್ತಕದಲ್ಲಿ ಬರುತ್ತೆ ಅಂತ ಅವನ್ನ ಟ್ರಿಲಜಿ ಅಂತ ಬರೀಬೇಡಿ, ಬೇರೆ ಬೇರೆ ವರ್ಷದವು, ಕೊಲೊನಸ್‌ನಲ್ಲಿ ಈಡಿಪಸ್ ಅಂತೂ ಕವಿ ಸತ್ತ ಮೇಲೆ ಕ್ರಿ.ಪೂ. 401ರಲ್ಲಿ ಆಡಿದ್ದು.

ಆರನೇದು: ಈಗ ಅರಿಸ್ಟಾಟಲ್

ಸೋಫೋಕ್ಲಿಸ್ ಮತ್ತು ಯೂರಿಪಿಡೀಸ್ ಇಬ್ರೂ ಕ್ರಿ.ಪೂ. 406ರಲ್ಲಿ ತೀರ್ಕೊಂಡ್ರು. ಅರಿಸ್ಟಾಟಲ್ ಹುಟ್ಟಿದ್ದು 384ರಲ್ಲಿ. ಅಂದ್ರೆ ಅವನ ಕಾವ್ಯಮೀಮಾಂಸೆ ನೋಡಿ ಇವರ್ಯಾರೂ ನಾಟಕ ಬರೀಲಿಲ್ಲ, ಆಮೇಲೆ ಬಂದ ಒಬ್ಬ ಚೂಪು ಕಣ್ಣಿನ ಓದುಗ ಅವನು. ಹಾಗಂತ ತಿಳ್ಕೊಂಡು ಓದಿದ್ರೆ ಅವನ ಪದಗಳು ಉಪಯೋಗಕ್ಕೆ ಬರ್ತವೆ, ರೂಲ್ಸ್ ಅಂತ ಓದಿದ್ರೆ ಕುತ್ತಿಗೆಗೆ ಸುತ್ಕೊಳ್ತವೆ. ಕಾಲ ಸ್ಥಳ ಕ್ರಿಯೆ ಅಂತ ಮೂರು ಐಕ್ಯ ಅವನದ್ದು ಅಂತ ನೋಟ್ಸಲ್ಲಿರುತ್ತೆ, ಅವನು ಒತ್ತಿ ಹೇಳಿದ್ದು ಕ್ರಿಯೆಯ ಐಕ್ಯ ಮಾತ್ರ, ಸ್ಥಳದ ಐಕ್ಯ ಎಲ್ಲೂ ಹೇಳಿಲ್ಲ, ಮೂರನ್ನೂ ಕಾನೂನು ಮಾಡಿದ್ದು 16ನೇ ಶತಮಾನದ ಇಟಲಿಯ ಪಂಡಿತರು.

ಪೆರಿಪೆಟಿಯಾ ಅಂದ್ರೆ ತಿರುವು, ಆದ್ರೆ ಯಾವುದೋ ಟ್ವಿಸ್ಟ್ ಅಲ್ಲ, ಒಂದು ಉದ್ದೇಶಕ್ಕೆ ಮಾಡಿದ ಕೆಲಸ ಅದರ ವಿರುದ್ಧದ ಫಲ ಕೊಡೋದು. ಅವನ ಉದಾಹರಣೆ ನಮ್ಮ ನಾಟಕದ್ದೇ, ಕೊರಿಂಥಿನ ದೂತ ಸಂತೋಷದ ಸುದ್ದಿ ತರ್ತಾನೆ, ಹೆದರ್ಬೇಡ ದೊರೆ ಅವರು ನಿನ್ನ ಹೆತ್ತವರೇ ಅಲ್ಲ ಅಂತಾನೆ, ಸಮಾಧಾನ ಮಾಡೋಕೆ ಹೋಗಿ ಬೆಂಕಿ ಇಡ್ತಾನೆ. ಅನಗ್ನೊರಿಸಿಸ್ ಅಂದ್ರೆ ಗುರುತು ಹತ್ತೋದು, ಗೊತ್ತಿಲ್ದೇ ಇದ್ದಿದ್ದು ಗೊತ್ತಾಗೋದು. ಎರಡೂ ಒಟ್ಟಿಗೆ ಆದ್ರೆ ಅತ್ಯುತ್ತಮ ಅಂತಾನೆ. ಸಂತೋಷದ ಗುರುತೂ ಇರುತ್ತೆ, ಯೂರಿಪಿಡೀಸ್‌ನ ಟಾರಿಸ್‌ನಲ್ಲಿ ಇಫಿಜೀನಿಯಾ ನಾಟಕದಲ್ಲಿ ಅಕ್ಕ ಊರಿಗೆ ಕಳಿಸೋ ಪತ್ರನ ಓದಿ ಹೇಳ್ತಾಳೆ, ಅದು ಯಾರಿಗೆ ಸೇರ್ಬೇಕೋ ಆ ತಮ್ಮ ಅಲ್ಲೇ ನಿಂತಿರ್ತಾನೆ. ಅಂದಹಾಗೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ ಒಂದಿದೆಯಲ್ಲ, ಭಾರತದ ಕರಾವಳೀಲಿ ನಡೆಯೋದು, ಅದರಲ್ಲಿ ಕನ್ನಡ ಮಾತಿದೆ ಅಂತ ಕೆಲವು ವಿದ್ವಾಂಸರು ಇಲ್ಲ ಅಂತ ಕೆಲವರು ವಾದ ಮಾಡೋದು, ಅದರ ಕಥೆ ಈ ಇಫಿಜೀನಿಯಾ ಕಥೆಯದ್ದೇ ಅಣಕು.

ಇನ್ನು ನನ್ನ ನಾಲ್ಕು ಮಾರ್ಕ್ಸಿನ ಹ್ಯಾಮಾರ್ಷಿಯಾ. ಈಟಿ ಎಸೆದಾಗ ಗುರಿ ತಪ್ಪೋದಕ್ಕೆ ಹೋಮರ್ ಬಳಸೋ ಕ್ರಿಯಾಪದದಿಂದ ಬಂದಿದ್ದು. ಗುರಿ ತಪ್ಪೋನು ಕೆಟ್ಟವನು ಅಂತಲ್ಲ, ಸ್ವಭಾವದಲ್ಲಿ ತೂತಿದೆ ಅಂತಾನೂ ಅಲ್ಲ, ಈಟಿ ಬೇರೆ ಕಡೆ ಹೋಯ್ತು ಅಷ್ಟೆ. ಅರಿಸ್ಟಾಟಲ್ ಹೇಳೋದು, ತುಂಬಾ ಒಳ್ಳೆಯವನೂ ಅಲ್ಲದ ನೀಚನೂ ಅಲ್ಲದ ಮನುಷ್ಯ ಕೆಟ್ಟತನದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ ಬೀಳ್ಬೇಕು ಅಂತ. ಈಡಿಪಸ್‌ಗೆ ಸಿಟ್ಟು ಇದೆ, ಆತುರ ಇದೆ, ನಿಜ. ಆದ್ರೆ ಅವನು ತಪ್ಪಿದ್ದು ಎದುರಿಗಿರೋನು ಯಾರು ಅನ್ನೋದ್ರಲ್ಲಿ.

ಕ್ಯಾಥಾರ್ಸಿಸ್ ಬಗ್ಗೆ ಪುಟಗಟ್ಟಲೆ ಓದ್ತೀರಿ. ಭಯ ಮತ್ತು ಮರುಕದ ಮೂಲಕ ಅಂಥಾ ಭಾವಗಳ ಕ್ಯಾಥಾರ್ಸಿಸ್ ಅಂತ ವ್ಯಾಖ್ಯೆಯಲ್ಲಿ ಒಂದು ಸಲ ಹೇಳಿ ಮುಂದೆ ಹೋಗ್ತಾನೆ. ಈ ಪದಕ್ಕೆ ಶುದ್ಧಿ ಅಂತಾನೂ ಅರ್ಥ, ವೈದ್ಯರ ಭಾಷೇಲಿ ಹೊಟ್ಟೆ ತೊಳೆಯೋದು ಅಂತಾನೂ ಅರ್ಥ, ನಮ್ಮ ವಿಮರ್ಶಕರು ಭಾವವಿರೇಚನ ಅಂದಿದ್ದು ಎರಡನೇದನ್ನ ಹಿಡಿದು. ತಮಾಷೆ ಏನಂದ್ರೆ ರಾಜಕೀಯದ ಬಗ್ಗೆ ಬರೆದ ಪುಸ್ತಕದಲ್ಲಿ, ಕ್ಯಾಥಾರ್ಸಿಸ್ ಅಂದ್ರೇನು ಅಂತ ಕಾವ್ಯದ ಬಗ್ಗೆ ಹೇಳುವಾಗ ಸ್ಪಷ್ಟವಾಗಿ ಹೇಳ್ತೀನಿ ಅಂತಾನೆ. ನಮಗೆ ಸಿಕ್ಕಿರೋ ಕಾವ್ಯಮೀಮಾಂಸೇಲಿ ಆ ವಿವರಣೆ ಇಲ್ಲ! ಎರಡು ಸಾವಿರ ವರ್ಷದ ಮೇಲೂ ಮೇಷ್ಟ್ರುಗಳು ಅವನ ಪರವಾಗಿ ಉತ್ತರ ಬರೀತಾನೇ ಇದಾರೆ. ಪರೀಕ್ಷೆಗೆ ಎರಡೂ ಅರ್ಥ ಬರೀರಿ, ಬೇರೆ ದಾರಿ ಇಲ್ಲ.

ಕೊನೇದು: ಇನ್ನೊಂದ್ಸಲ ಓದಿ, ಈ ಸಲ ಯೊಕಾಸ್ಟಾನ ನೋಡ್ತಾ

ಕೊರಿಂಥಿನ ದೂತ ಮಾತಾಡೋ ದೃಶ್ಯ ತೆಗೀರಿ. ರಂಗದ ಮೇಲೆ ಈಡಿಪಸ್, ದೂತ, ಯೊಕಾಸ್ಟಾ, ಮೂರು ನಟರೂ ಮುಗೀತು. ಮಗುವಿನ ಕಾಲು ಚುಚ್ಚಿತ್ತು ಅಂತ ದೂತ ಹೇಳ್ತಾನೆ, ಲಾಯಸ್‌ನ ಕುರುಬ ಕೊಟ್ಟಿದ್ದು ಅಂತಾನೆ. ಇಷ್ಟು ಹೊತ್ತೂ ಯೊಕಾಸ್ಟಾಗೆ ಒಂದು ಸಾಲೂ ಇಲ್ಲ, ಗಂಡ ಒಂದೊಂದೇ ಸಾಲು ಪ್ರಶ್ನೆ ಕೇಳ್ತಾ ಇದಾನೆ, ಅವಳಿಗೆ ಗೊತ್ತಾಗಿಬಿಟ್ಟಿದೆ, ಮುಖವಾಡ ಬದಲಾಗಲ್ಲ, ಸುಮ್ನೆ ನಿಂತಿದಾಳೆ. ಆಮೇಲೆ ಬೇಡ, ಇದನ್ನ ಹುಡುಕ್ಬೇಡ ಅಂತ ಬೇಡ್ಕೊಂಡು, ಕೇಳಲ್ಲ ಅಂತ ಗೊತ್ತಾದಾಗ ಆ ಬಾಗಿಲೊಳಗೆ ಹೋಗ್ತಾಳೆ. ಕೋರಸ್ ಒಂದು ಖುಷಿಯ ಹಾಡು ಹಾಡುತ್ತೆ, ನಮ್ಮ ದೊರೆ ಯಾವ ದೇವರ ಮಗನೋ ಏನೋ ಅಂತ. ಹಾಡು ಮುಗಿಯೋಷ್ಟರಲ್ಲಿ ಪಕ್ಕದ ದಾರಿಯಿಂದ ಮುದಿ ಕುರುಬ ಬರ್ತಾನೆ.

ಈಗ ಎಣಿಸಿ. ಈಡಿಪಸ್ ಅಲ್ಲೇ ಇದಾನೆ, ದೂತನೂ ಅಲ್ಲೇ ಇದಾನೆ, ಮಾತಾಡೋಕೆ ಉಳಿದಿರೋ ನಟ ಒಬ್ಬನೇ. ಈಗಷ್ಟೇ ಒಳಗೆ ಹೋದ ಯೊಕಾಸ್ಟಾನ ಮುಖವಾಡ ತೆಗೆದು ಕುರುಬನ ಮುಖವಾಡ ಹಾಕ್ಕೊಂಡು ಬಂದಿರೋದು ಅವನೇ. ಆ ಮಗು ಯಾರದ್ದು ಅಂತ ಈಡಿಪಸ್ ಕೇಳ್ತಾನೆ, ಒಳಗಿರೋ ನಿನ್ನ ಹೆಂಡ್ತಿಗೆ ಚೆನ್ನಾಗಿ ಗೊತ್ತು ಅಂತಾನೆ ಕುರುಬ.